ಒಂದೇ ಉತ್ತರ ಬರೆದ ತರಗತಿ

ಮಾರ್ಚ್ 4, ಸೋಮವಾರ

ಪರೀಕ್ಷಾ ಮಂಡಳಿಯಿಂದ ಫೋನು ಬಂದಾಗ ನಾನು ಶಾಲೆಯ ಪ್ರಯೋಗಾಲಯದಲ್ಲಿ ಬೀಕರು ತೊಳೆಯುತ್ತಿದ್ದೆ. ಒಂದು ಶಾಲೆಯ ಮೇಲೆ ಸಾಮೂಹಿಕ ನಕಲಿನ ಆರೋಪ ಬಂದಿದೆ, ಮೂವರ ವಿಚಾರಣಾ ಸಮಿತಿ ಆಗಿದೆ, ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇರುವವರೊಬ್ಬರು ಬೇಕು, ನೀವು ಬನ್ನಿ ಎಂದರು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಹುದ್ದೆ ಖಾಲಿಯಾದಾಗ ಎರಡು ಸಲ ನನ್ನ ಪದವಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪುಕ್ಕಟೆ ಕೆಲಸಕ್ಕೆ ತಟ್ಟನೆ ಕಾಣಿಸಿತು. ಒಪ್ಪಿಕೊಂಡೆ. ಒಪ್ಪದೆ ಇರುವುದನ್ನು ನಾನು ಎಲ್ಲಿ ಕಲಿತಿದ್ದೇನೆ?

ಸಂಜೆ ಕಡತ ಬಂತು. ಗೋದಾಮುಗಳ ಬೀದಿಯ ಆ ತುದಿಯಲ್ಲಿರುವ ಚಿಕ್ಕ ಶಾಲೆ. ಪ್ರಶ್ನೆ ಹೀಗಿದೆ: 'ಕಪ್ಪುಹಲಗೆಯ ಸೀಮೆಸುಣ್ಣದ ತುಂಡನ್ನು ವಿನೆಗರಿನಲ್ಲಿ ಹಾಕಿದಾಗ ಗುಳ್ಳೆಗಳಾಗಿ ಹೊರಬರುವ ಅನಿಲ ಯಾವುದು?' ಮಂಡಳಿಯ ಉತ್ತರಸೂಚಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಂದಿದೆ. ಎಲ್ಲ ಶಾಲೆಯ ಮಕ್ಕಳೂ ಅದನ್ನೇ ಬರೆದಿದ್ದಾರೆ, ಗೈಡುಗಳಲ್ಲಿ ಇರುವುದೂ ಅದೇ. ಈ ಒಂದು ಶಾಲೆಯ ಮಕ್ಕಳು ಮಾತ್ರ, ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ, ಅಕ್ಷರ ಬಿಡದೆ ಒಂದೇ ಮಾತು ಬರೆದಿದ್ದಾರೆ: 'ಬರುವುದು ಸೀಮೆಸುಣ್ಣದೊಳಗೆ ಇದ್ದ ಗಾಳಿ. ಬರೀ ನೀರಿಗೆ ಹಾಕಿದರೂ ಇಷ್ಟೇ ಗುಳ್ಳೆ ಬರುತ್ತದೆ.' ತಪ್ಪು ಉತ್ತರ ಎಲ್ಲರದೂ ಒಂದೇ ಆಗಿದ್ದರೆ ಅದು ನಕಲು ಎಂದು ಮಂಡಳಿಯ ಲೆಕ್ಕ. ಫಲಿತಾಂಶ ತಡೆಹಿಡಿದಿದ್ದಾರೆ. ನಕಲು ಎಂದು ತೀರ್ಮಾನವಾದರೆ ಮಕ್ಕಳಿಗೆ ಒಂದು ವರ್ಷ ಹೋಗುತ್ತದೆ, ಪಾಠ ಮಾಡಿದವಳಿಗೆ ಕೆಲಸ ಹೋಗುತ್ತದೆ.

ಓದಿ ಮುಗಿಸಿದಾಗ ನಗು ಬಂತು. ಅಡುಗೆಮನೆಗೆ ಹೋಗಿ ಎರಡು ಗಾಜಿನ ಲೋಟ ತೆಗೆದುಕೊಂಡೆ. ಒಂದರಲ್ಲಿ ವಿನೆಗರ್, ಒಂದರಲ್ಲಿ ನಲ್ಲಿ ನೀರು. ಕೈಚೀಲದಲ್ಲಿ ಹೇಗೂ ಸೀಮೆಸುಣ್ಣದ ತುಂಡು ಇದ್ದೇ ಇರುತ್ತದೆ, ಮುರಿದು ಎರಡಕ್ಕೂ ಹಾಕಿದೆ. ಎರಡರಲ್ಲೂ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಎರಡರಲ್ಲೂ ಸ್ವಲ್ಪ ಹೊತ್ತಿಗೆ ನಿಂತುಹೋದವು. ನಿಂಬೆರಸದಲ್ಲೂ ಅಷ್ಟೇ. ಮೊಟ್ಟೆಯ ಸಿಪ್ಪೆಯನ್ನು ವಿನೆಗರಿಗೆ ಹಾಕಿದೆ. ಅದು ನಿಲ್ಲಲೇ ಇಲ್ಲ, ಮೈತುಂಬ ಗುಳ್ಳೆ ಹೊದ್ದು ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಬಂತು. ಆಸಿಡ್ಡಿನಲ್ಲಿ ನಿಜವಾಗಿ ಕರಗುವ ವಸ್ತು ಹಾಗಿರುತ್ತದೆ. ಹಲಗೆಯ ಮೇಲೆ ಬರೆಯುವ ಈ ಕಡ್ಡಿಗಳನ್ನು ಈಗ ಮಾಡುವುದು ಜಿಪ್ಸಮ್ಮಿನಿಂದ. ಅದಕ್ಕೆ ಅಡುಗೆಮನೆಯ ಹುಳಿಯೆಲ್ಲ ಲೆಕ್ಕಕ್ಕಿಲ್ಲ. ಮಕ್ಕಳು ಬರೆದಿದ್ದು ಸರಿ. ತಪ್ಪಿರುವುದು ಮಂಡಳಿಯದು, ಗೈಡುಗಳದು, ನಮ್ಮೆಲ್ಲರದು.

ಅಕ್ಕ ಕೆಳಗಿನ ಹೊಲಿಗೆ ಅಂಗಡಿ ಮುಚ್ಚಿ ಮೇಲೆ ಬಂದಳು, ರವಿಕೆಯ ಅಂಚಿಗೆ ಚುಚ್ಚಿಕೊಂಡ ಗುಂಡುಸೂಜಿಗಳ ಸಮೇತ.

"ಕುಡಿಯೋ ಲೋಟದಲ್ಲೇ ಆಗಬೇಕಿತ್ತಾ ನಿನ್ನ ಪ್ರಯೋಗ?"

"ತೊಳೀತೀನಿ ಬಿಡಕ್ಕ."

"ತೊಳೆದು ನೀನೇ ಇಟ್ಕೋ. ಏನಂತೆ, ಲೋಕಕ್ಕೆ ಗೊತ್ತಿಲ್ಲದ್ದು ಏನಾದ್ರೂ ಸಿಕ್ತಾ?"

"ಸಿಕ್ತು. ಮಕ್ಕಳು ಸರಿ, ಮಂಡಳಿ ತಪ್ಪು."

"ಅಷ್ಟೇನಾ," ಎಂದಳು ಅಕ್ಕ. "ಅದಕ್ಕೆ ಎರಡು ಲೋಟ ಬೇಕಿತ್ತಾ?"

ಮಲಗುವ ಮುಂಚೆ ಕವಿತೆ ಓದಿದೆ. ಒಂದು ಪದವನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು, ಸುತ್ತಲಿನ ಪದಗಳು ಸುಳ್ಳು ಹೇಳಲಾರವು ಎನಿಸಿತು. ನನ್ನ ಟಿಪ್ಪಣಿಯೂ ಹಾಗಿರಬೇಕು.

ಮಾರ್ಚ್ 6, ಬುಧವಾರ

ಸಮಿತಿಯ ಮೊದಲ ಸಭೆ. ಅಧ್ಯಕ್ಷರು ನಿವೃತ್ತ ಪ್ರಾಂಶುಪಾಲರು. ಇಸ್ತ್ರಿ ಮಾಡಿದ ಮಾತು, ಇಸ್ತ್ರಿ ಮಾಡಿದ ಅಂಗಿ. ಮೂರನೆಯವರು ಮಂಡಳಿಯ ಆಡಳಿತ ವಿಭಾಗದವರು. ಕಣ್ಣು ಮುಚ್ಚಿ ಕೂತು, ಯಾರು ಏನೆಂದರೂ ಹೂಂ ಎನ್ನುತ್ತಾರೆ. ಅವರಿಗೆ ಹೂಂರಾಯರು ಎಂದು ಹೆಸರಿಟ್ಟಿದ್ದೇನೆ.

ನನ್ನ ಎರಡು ಲೋಟಗಳ ಕಥೆ ಹೇಳಿದೆ. ಅಧ್ಯಕ್ಷರು ಗಲ್ಲದ ಮೇಲೆ ಕೈಯಿಟ್ಟು ಕೇಳಿದರು, ಚೆನ್ನಾಗಿ ಕೇಳುತ್ತಾರೆ.

"ಸರಿ, ನೀವು ಹೇಳಿದ್ದೇ ನಿಜ ಅಂತ ಇಟ್ಕೊಳ್ಳೋಣ," ಎಂದರು. "ಆಗ ಮಿಕ್ಕ ಶಾಲೆಗಳ ಮಕ್ಕಳೆಲ್ಲ ತಪ್ಪು ಬರೆದ ಹಾಗಾಯ್ತು. ಅವರ ಅಂಕ ಕಿತ್ಕೊಳ್ಳೋಣವಾ?"

"ಬೇಡ. ಸೂಚಿ ತಪ್ಪಿತ್ತು ಅಂತ ಒಪ್ಪಿಕೊಂಡರೆ ಸಾಕು."

"ಒಪ್ಪಿಕೊಳ್ಳೋದು ಅಂದ್ರೆ ಒಂದು ಮಾತಲ್ಲ ಮೇಡಂ. ಪತ್ರಿಕೆಯವರು ಬರ್ತಾರೆ. ಹೋದ ವರ್ಷದ್ದು ಕೇಳ್ತಾರೆ. ಅದರ ಹಿಂದಿನ ವರ್ಷದ್ದು ಕೇಳ್ತಾರೆ."

"ಹೂಂ," ಎಂದರು ಹೂಂರಾಯರು.

ನಾನೂ ಬಿಡಲಿಲ್ಲ. ಶಾಲೆಗೆ ಹೋಗಿ ನೋಡಿಬರುತ್ತೇನೆ ಎಂದೆ. ಹೊರಡುವಾಗ ಅಧ್ಯಕ್ಷರು ನನ್ನ ಚೀಲದಿಂದ ಇಣುಕುತ್ತಿದ್ದ ಕವನ ಸಂಕಲನ ನೋಡಿ, "ವಿಜ್ಞಾನದವರು ಕವಿತೆ ಓದ್ತಾರೆ ಅಂದ್ರೆ ನನಗೆ ಧೈರ್ಯ ಬರುತ್ತೆ," ಎಂದರು. ಇಷ್ಟು ವರ್ಷದಲ್ಲಿ ಯಾರೂ ಆ ಪುಸ್ತಕಗಳನ್ನು ಗಮನಿಸಿರಲಿಲ್ಲ. ಆ ಮಾತು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಮಾರ್ಚ್ 7, ಗುರುವಾರ

ಗೋದಾಮುಗಳ ಬೀದಿ. ಲಾರಿಗಳು ಹಿಂದಕ್ಕೆ ಸರಿಯುವ ಸದ್ದು ತರಗತಿಯೊಳಗೇ ಕೇಳಿಸುತ್ತದೆ. ಕಿಟಕಿಯ ಎರಡು ಗಾಜಿನ ಜಾಗದಲ್ಲಿ ರಟ್ಟು. ವಿಜ್ಞಾನದ ಟೀಚರ್ ಮೂವತ್ತೈದರ ಹೆಂಗಸು, ಕೊರಳಲ್ಲಿ ಸೀಟಿ. ಆಟದ ಪಿರಿಯಡ್ಡೂ ಅವಳೇ ತೆಗೆದುಕೊಳ್ಳುತ್ತಾಳೆ. ಮಕ್ಕಳು ಸೀಟಿ ಟೀಚರ್ ಎನ್ನುತ್ತಾರೆ, ಅವಳಿಗೂ ಗೊತ್ತು.

"ಎಲ್ಲರೂ ಅಕ್ಷರಕ್ಕೆ ಅಕ್ಷರ ಒಂದೇ ವಾಕ್ಯ ಬರೆದಿದ್ದು ಹೇಗೆ?" ಎಂದು ಕೇಳಿದೆ.

"ನಮ್ಮಲ್ಲಿ ಹಾಗೇ ಮೇಡಂ. ಪ್ರಯೋಗ ಮಾಡ್ತಾರೆ. ಏನು ಕಂಡಿತು ಅಂತ ಜಗಳ ಆಡ್ತಾರೆ. ತರಗತಿ ಪೂರ್ತಿ ಒಪ್ಪೋ ಒಂದು ವಾಕ್ಯ ಸಿಗೋವರೆಗೂ ಯಾರೂ ಪುಸ್ತಕದಲ್ಲಿ ಬರೆಯೋ ಹಾಗಿಲ್ಲ. ಒಬ್ಬರು ಬೇಡ ಅಂದ್ರೂ ಮತ್ತೆ ಮೊದಲಿಂದ. ಸಿಕ್ಕಿದ ಮೇಲೆ ಹಲಗೆ ಮೇಲೆ ಬರೆದು ಎಲ್ಲರೂ ಒಟ್ಟಿಗೆ ಕೂಗ್ತಾರೆ. ಈ ವಾಕ್ಯಕ್ಕೆ ಮೂರು ಪಿರಿಯಡ್ ಹಿಡೀತು. ಹಿಂದಿನ ಬೆಂಚಿನವರು ಒಪ್ಪಲೇ ಇಲ್ಲ, ನೀರಲ್ಲಿ ಹಾಕಿ ನೋಡೋಣ ಅಂತ ಹಟ ಹಿಡಿದರು. ನಾನೂ ಗೈಡ್ ನೋಡ್ಕೊಂಡು ಬಂದಿದ್ದೆ, ಬೈದೆ. ಆಮೇಲೆ ಹಾಕಿ ನೋಡಿದೆ."

"ಪರೀಕ್ಷೆಗೆ ಗೈಡಿನ ಉತ್ತರ ಬರೀರಿ ಅಂತ ಹೇಳಬಹುದಿತ್ತು."

"ಹೇಳಬಹುದಿತ್ತು." ಸೀಟಿಯನ್ನು ಹೆಬ್ಬೆರಳಿನಿಂದ ಒರೆಸಿದಳು. "ನೀವು ಹೇಳ್ತೀರಾ, ನಿಮ್ಮ ಮಕ್ಕಳಿಗೆ?"

ಇಪ್ಪತ್ತನಾಲ್ಕು ವರ್ಷ ನಾನು ಈ ಪಾಠ ಮಾಡಿದ್ದೇನೆ. ಪ್ರಯೋಗ ಮಾಡಿ ತೋರಿಸಿದ್ದು ನೆನಪಿಲ್ಲ. ಅವಳ ಮಾತಿನಲ್ಲಿ ಮರ್ಯಾದೆ ಕಡಿಮೆ, ಆದರೆ ನಿಜ ಅವಳ ಕಡೆಗಿದೆ. ಇದನ್ನು ಬರೆದೇ ಬರೆಯುತ್ತೇನೆ.

ಮಾರ್ಚ್ 11, ಸೋಮವಾರ

ಟಿಪ್ಪಣಿ ಸಿದ್ಧ. ಒಂದೂವರೆ ಪುಟ. ಕೊನೆಯ ಸಾಲು: 'ಮಕ್ಕಳು ಕಂಡದ್ದನ್ನು ಬರೆದಿದ್ದಾರೆ.' ಮೂರು ಸಲ ಓದಿಕೊಂಡೆ, ಅದರಲ್ಲಿ ತೆಗೆಯುವ ಪದವಿಲ್ಲ.

ಸಂಜೆ ಅಧ್ಯಕ್ಷರ ಫೋನು. ವಿಚಾರಣೆಯ ಬಗ್ಗೆ ಒಂದು ಮಾತಿಲ್ಲ. ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಅರ್ಜಿ ಹಾಕಿದ್ದೀರಾ ಎಂದು ಕೇಳಿದರು. ಎರಡು ಸಲ ಹಾಕಿ ಸಾಕಾಗಿದೆ ಎಂದೆ. "ಮೂರನೇ ಸಲ ಹಾಕಿ. ಈ ಸಲ ಆಯ್ಕೆ ಸಮಿತಿಯಲ್ಲಿ ನಾನಿದ್ದೇನೆ," ಎಂದರು. ಅಷ್ಟೇ. ಎರಡಕ್ಕೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ. ನಾನು ಹಾಗೆ ತಿಳಿದರೆ ತಪ್ಪು ನನ್ನದಾಗುತ್ತದೆ.

ಅಕ್ಕನಿಗೆ ಹೇಳಿದೆ. ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು.

"ಹಾಗಾದ್ರೆ ಬಾಯಿಗೆ ಹೊಲಿಗೆ ಹಾಕ್ಕೋ," ಎಂದಳು. "ಬೇಕಿದ್ರೆ ದಾರ ನಾನು ಕೊಡ್ತೀನಿ."

"ನಿನಗೆ ಎಲ್ಲಾ ತಮಾಷೆ."

"ತಮಾಷೆ ಅಲ್ಲ ಕಣೇ. ಆ ಟೀಚರ್ ನಿನಗೆ ಏನಾಗಬೇಕು? ಅತ್ತೆ ಮಗಳಾ, ಮಾವನ ಮಗಳಾ? ಊರ ಉಸಾಬರಿ ಹೊತ್ತು ನೀನೇನು ಕಂಡೆ? ಎರಡು ಸಲ ನಿನ್ನ ತಲೆ ಮೇಲೆ ಹಾರಿ ಇನ್ನೊಬ್ಬರು ಕೂತಾಗ ಯಾರು ನಿನಗೋಸ್ಕರ ಲೋಟ ಹಿಡ್ಕೊಂಡು ಬಂದ್ರು?"

ಅಕ್ಕನ ಮಾತಿಗೆ ಬೇಸರವಾಯಿತು. ಅವಳಿಗೆ ಎಲ್ಲವೂ ಅಳತೆ, ಕತ್ತರಿ. ಆದರೂ ಅರ್ಜಿಯನ್ನು ತುಂಬಿ ಇಟ್ಟಿದ್ದೇನೆ. ತುಂಬುವುದಕ್ಕೂ ಕೊಡುವುದಕ್ಕೂ ವ್ಯತ್ಯಾಸವಿದೆ.

ಮಾರ್ಚ್ 14, ಗುರುವಾರ

ಅಧ್ಯಕ್ಷರ ಮನೆಯಲ್ಲಿ ಚಹಾ. ಗೋಡೆ ತುಂಬ ಪುಸ್ತಕ. ಹೆಂಡತಿ ತೀರಿಕೊಂಡ ಮೇಲೆ ತಾವು ಬರೆದ ನಾಲ್ಕು ಪದ್ಯಗಳನ್ನು ಓದಿದರು. ಕೆಟ್ಟದಾಗಿರಲಿಲ್ಲ. ಓದುವಾಗ ದನಿ ಒಡೆಯಿತು. ಇಂಥ ಮನುಷ್ಯನನ್ನು ನಾನು ಮೊದಲ ದಿನ ಬರೀ ಇಸ್ತ್ರಿ ಎಂದು ಬರೆದೆ.

ಆಮೇಲೆ ಅವರೇ ವಿಷಯ ತೆಗೆದರು. "ನನಗೆ ಮುಖ್ಯವಾಗಿರೋದು ಮಕ್ಕಳು," ಎಂದರು. "ನಕಲು ಅಂದರೆ ಅವರ ವರ್ಷ ಹೋಗುತ್ತೆ. ಸೂಚಿ ತಪ್ಪು ಅಂದರೆ ವಿಷಯ ಕೋರ್ಟಿಗೆ ಹೋಗುತ್ತೆ, ಆಗಲೂ ಅವರ ವರ್ಷ ಹೋಗುತ್ತೆ. ಉಳಿದಿರೋದು ಒಂದೇ ದಾರಿ. ಟೀಚರ್ ತಪ್ಪು ಹೇಳಿಕೊಟ್ಟರು, ಮಕ್ಕಳದು ಏನೂ ತಪ್ಪಿಲ್ಲ. ಆ ಒಂದು ಪ್ರಶ್ನೆಗೆ ಸೊನ್ನೆ, ಮಿಕ್ಕಿದ್ದು ಬಿಡುಗಡೆ. ಎಲ್ಲರೂ ಪಾಸಾಗ್ತಾರೆ."

"ಟೀಚರ್?"

"ಬೇರೆ ಕಡೆ ಕೆಲಸ ಸಿಗುತ್ತೆ. ಚುರುಕಾಗಿದ್ದಾರೆ, ನೀವೇ ಹೇಳಿದ್ರಲ್ಲ."

ದಾರಿಯುದ್ದಕ್ಕೂ ಯೋಚಿಸುತ್ತ ನಡೆದೆ. ಒಂದು ಕಡೆ ಒಬ್ಬಳು, ಇನ್ನೊಂದು ಕಡೆ ಒಂದು ತರಗತಿ. ಒಪ್ಪಿಬಿಟ್ಟೆ ಎಂದಲ್ಲ. ಆದರೆ ಒಂದು ಮಾತು ಈಗ ಹೊಳೆಯುತ್ತಿದೆ: ತರಗತಿ ಪೂರ್ತಿ ಒಂದೇ ವಾಕ್ಯ ಒಪ್ಪಬೇಕು, ಎಲ್ಲರೂ ಒಟ್ಟಿಗೆ ಕೂಗಬೇಕು ಎನ್ನುವುದು ಎಂಥ ಪದ್ಧತಿ? ಒಬ್ಬ ಹುಡುಗಿಗೆ ಬೇರೆ ಪದ ಇಷ್ಟವಾದರೆ? ಆ ಟೀಚರ್ ಅವತ್ತು ಮಾತಾಡಿದ ಧಾಟಿಯಲ್ಲೇ ಅಹಂಕಾರ ಇತ್ತು. 'ನೀವು ಹೇಳ್ತೀರಾ, ನಿಮ್ಮ ಮಕ್ಕಳಿಗೆ?' ಸೀಟಿ ಒರೆಸುತ್ತ ಕೇಳಿದಳು, ಹಿರಿಯಳು ಎಂದೂ ನೋಡದೆ.

ಮಾರ್ಚ್ 15, ಶುಕ್ರವಾರ

ತಲೆನೋವು. ಕವಿತೆ ಓದಲಿಲ್ಲ. ಅರ್ಜಿ ಕೊಟ್ಟೆ, ಇವತ್ತೇ ಕೊನೆಯ ದಿನವಾಗಿತ್ತು.

ಮಾರ್ಚ್ 18, ಸೋಮವಾರ

ವಿಚಾರಣೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಮಂಡಳಿಯ ಕಚೇರಿಯ ಹಿಂದಿನ ಕೋಣೆ. ಉದ್ದನೆಯ ಮೇಜು, ಹಸಿರು ಬಟ್ಟೆ, ಪ್ರತಿಯೊಬ್ಬರ ಮುಂದೆ ಮುಚ್ಚಳವಿಟ್ಟ ಒಂದೊಂದು ಲೋಟ ನೀರು. ಸೀಟಿ ಟೀಚರ್ ನಮ್ಮೆದುರಿನ ಕುರ್ಚಿಯಲ್ಲಿ ಕೂತಳು. ಸೀಟಿ ಹಾಕಿಕೊಂಡಿರಲಿಲ್ಲ. ಅದಿಲ್ಲದೆ ಕೊರಳು ಬೋಳಾಗಿ ಕಾಣುತ್ತಿತ್ತು.

"ಪರೀಕ್ಷೆಯ ದಿನ ಮಕ್ಕಳಿಗೆ ಉತ್ತರ ಹೇಳಿದಿರಾ?" ಎಂದು ಅಧ್ಯಕ್ಷರು ಕೇಳಿದರು.

"ಅವತ್ತು ಆ ಕಡೆ ತಲೆನೂ ಹಾಕಲಿಲ್ಲ ಸಾರ್. ಬೇರೆ ಶಾಲೆಗೆ ಮೇಲ್ವಿಚಾರಣೆಗೆ ಹಾಕಿದ್ರು, ನಿಮ್ಮ ಮಂಡಳಿಯವರೇ."

"ಆದರೆ ಆ ವಾಕ್ಯ ನಿಮ್ಮದು."

"ನನ್ನದಾಗಿದ್ರೆ ಇನ್ನೂ ಉದ್ದ ಇರ್ತಿತ್ತು. ಅದು ತರಗತಿದು."

ಹೂಂರಾಯರ ಮೀಸೆಯಲ್ಲಿ ನಗು ಮೂಡಿ ಮಾಯವಾಯಿತು. ಅಧ್ಯಕ್ಷರಿಗೆ ಅದು ಹಿಡಿಸಲಿಲ್ಲ. ಕ್ಯಾಂಟೀನಿನಿಂದ ವಿನೆಗರ್ ತರಿಸಿದರು. ಕಚೇರಿಯ ಹಲಗೆಯ ಕೆಳಗಿನಿಂದ ಒಂದು ಸೀಮೆಸುಣ್ಣದ ಕಡ್ಡಿ. ಎಲ್ಲರೂ ಬಗ್ಗಿ ನೋಡಿದೆವು. ಅಧ್ಯಕ್ಷರು ಅದನ್ನು ವಿನೆಗರಿನೊಳಗೆ ಬಿಟ್ಟರು. ಗುಳ್ಳೆಗಳು ಎದ್ದವು, ಸಾಲಾಗಿ, ಮುದ್ದಾಗಿ.

"ಮೇಡಂ, ವಿಷಯ ತಿಳಿದವರು ನೀವು. ಗುಳ್ಳೆ ಬಂತಾ?"

"ಬಂತು," ಎಂದೆ. ಬಂದಿತ್ತು.

"ಈಗ ಇನ್ನೊಂದು ತುಂಡು ಆ ನೀರಿನ ಲೋಟಕ್ಕೆ ಹಾಕಿ ಸಾರ್," ಎಂದಳು ಅವಳು.

"ಪ್ರಶ್ನೆಯಲ್ಲಿ ನೀರಿನ ಮಾತಿಲ್ಲವಲ್ಲಮ್ಮ."

ಅವಳು ನನ್ನ ಕಡೆ ತಿರುಗಿದಳು. "ಮೇಡಂ, ನೀವು ಹೇಳಿ. ನೀವು ಅವತ್ತು ಬಂದು ಕೇಳ್ಕೊಂಡು ಹೋದ್ರಲ್ಲ."

ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಆ ತರಗತಿಯ ಮಕ್ಕಳನ್ನೆಲ್ಲ ನೆನಪಿಸಿಕೊಂಡೆ, ಅವರ ಒಂದು ವರ್ಷವನ್ನು ನೆನಪಿಸಿಕೊಂಡೆ. ಅದನ್ನು ಬಿಟ್ಟು ಬೇರೇನೂ ನನ್ನ ಮನಸ್ಸಿನಲ್ಲಿ ಇರಲಿಲ್ಲ.

"ಅಧ್ಯಕ್ಷರು ಹೇಳಿದ್ದು ಸರಿ," ಎಂದೆ. "ಪ್ರಶ್ನೆ ವಿನೆಗರಿನ ಬಗ್ಗೆ. ನೀರು ಅದರಲ್ಲಿಲ್ಲ."

ಹೂಂರಾಯರು ಕಣ್ಣು ತೆರೆದು ನನ್ನನ್ನು ನೋಡಿದರು. ಹೂಂ ಎನ್ನಲಿಲ್ಲ. ಅವಳು ಕುರ್ಚಿಯನ್ನು ಸದ್ದಾಗದಂತೆ ಹಿಂದೆ ಸರಿಸಿ ಎದ್ದಳು. ನನಗೆ ತುಂಬ ಬಾಯಾರಿತ್ತು. ನನ್ನ ಮುಂದಿದ್ದ ಲೋಟದ ನೀರನ್ನು ಪೂರ್ತಿ ಕುಡಿದೆ.

ಅವಳು ಹೋದ ಮೇಲೆ ವರದಿ ಬರೆದೆವು. 'ನಕಲು ಮಾಡಿಸಿದ್ದಾರೆ' ಎಂದು ಅಧ್ಯಕ್ಷರು ಬರೆದಿದ್ದರು. ಅದು ಅನ್ಯಾಯ ಎಂದು ನಾನೇ ತಡೆದೆ. 'ಪಠ್ಯಕ್ಕೆ ವಿರುದ್ಧವಾದ ಉತ್ತರವನ್ನು ಬಾಯಿಪಾಠ ಮಾಡಿಸಿದ್ದಾರೆ' ಎಂದು ತಿದ್ದಿಸಿದೆ. ನಾನು ಇಲ್ಲದಿದ್ದರೆ ಆ ಮೊದಲ ಪದವೇ ಉಳಿಯುತ್ತಿತ್ತು. ಅಧ್ಯಕ್ಷರು, "ಇದಕ್ಕೇ ಕವಿತೆ ಓದಿದವರು ಬೇಕು ಅನ್ನೋದು," ಎಂದರು.

ನನ್ನ ಒಂದೂವರೆ ಪುಟದ ಟಿಪ್ಪಣಿಯನ್ನು ಚೀಲದಿಂದ ತೆಗೆಯುವ ಸಂದರ್ಭ ಬರಲಿಲ್ಲ.

ಮಾರ್ಚ್ 19, ಮಂಗಳವಾರ

ಬಹಳ ದಿನಗಳ ಮೇಲೆ ನಿದ್ದೆ ಚೆನ್ನಾಗಿ ಬಂತು.

ಮಾರ್ಚ್ 28, ಗುರುವಾರ

ಫಲಿತಾಂಶ ಬಿಡುಗಡೆಯಾಯಿತು. ಗೋದಾಮುಗಳ ಬೀದಿಯ ಶಾಲೆಯಲ್ಲಿ ಎಲ್ಲರೂ ಪಾಸು. ಅಕ್ಕನಿಗೆ ಹೇಳಲು ಕೆಳಗಿಳಿದು ಹೋದೆ. ಟೀಚರಿಗೆ ಏನಾಯಿತು ಎಂದು ಕೇಳಿದಳು. ತೆಗೆದುಹಾಕಿದ್ದಾರೆ ಎಂದೆ.

ಅವಳು ಮಷಿನ್ ನಿಲ್ಲಿಸಿದಳು.

"ನೀನೇ ತಾನೇ ಬಾಯಿಗೆ ಹೊಲಿಗೆ ಹಾಕ್ಕೋ ಅಂದಿದ್ದು," ಎಂದೆ.

"ನಾನು ಸುಮ್ನಿರು ಅಂದೆ ಕಣೇ," ಎಂದಳು ಅಕ್ಕ. "ಮಾತಾಡು ಅನ್ನಲಿಲ್ಲ."

ಮತ್ತೆ ಮಷಿನ್ ತುಳಿಯತೊಡಗಿದಳು. ಈಚೆಗೆ ಅವಳ ಮಾತೇ ಹೀಗೆ, ತಲೆಬುಡ ಇರುವುದಿಲ್ಲ. ಓದಿದ್ದು ಕಡಿಮೆ, ಅಂಗಡಿಯಲ್ಲೂ ವ್ಯಾಪಾರ ಸಾಲದು. ತಂಗಿ ಮೇಲಕ್ಕೇರುತ್ತಾಳೆಂದರೆ ಯಾವ ಅಕ್ಕನಿಗಾದರೂ ಒಳಗೆ ಒಂದು ಚೂರು ಉರಿ ಇದ್ದೇ ಇರುತ್ತದೆ. ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಏಪ್ರಿಲ್ 10, ಬುಧವಾರ

ಬಸ್ ನಿಲ್ದಾಣದಲ್ಲಿ ಸೀಟಿ ಟೀಚರ್ ಸಿಕ್ಕಿದಳು. ನಾನು ನೋಡದ ಹಾಗೆ ನಿಂತಿದ್ದೆ. ಅವಳೇ ಬಂದಳು. ಕೈಯಲ್ಲಿ ಯಾವುದೋ ಔಷಧ ಕಂಪನಿಯ ಮಾದರಿಗಳ ಪೆಟ್ಟಿಗೆ. ಅಂಗಡಿ ಅಂಗಡಿಗೆ ಹೋಗುವ ಕೆಲಸವಂತೆ.

"ಮಕ್ಕಳು ಪಾಸಾದ್ರು ಮೇಡಂ."

"ಹೌದು. ನಾವು ಪಾಡು ಪಟ್ಟಿದ್ದು ಅದಕ್ಕಾಗಿಯೇ."

"ಗೊತ್ತು." ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಒಂದು ಕೇಳಬೇಕಿತ್ತು. ಮನೇಲಿ ಯಾವತ್ತಾದ್ರೂ ನೀರಲ್ಲಿ ಹಾಕಿ ನೋಡಿದ್ರಾ?"

"ಇಲ್ಲ," ಎಂದೆ. "ಅದಕ್ಕೆಲ್ಲ ಬಿಡುವೆಲ್ಲಿ?"

ಅವಳು ತಲೆಯಾಡಿಸಿದಳು. ಸಮಾಧಾನವಾದ ಹಾಗೆ ಕಂಡಿತು. "ಹಾಗಾದ್ರೆ ಸರಿ. ನಾನು ಬೇರೆ ಏನೋ ಅಂದ್ಕೊಂಡಿದ್ದೆ," ಎಂದಳು. ಬಸ್ಸು ಬಂತು. ನಾನು ಹತ್ತಿದೆ. ಅವಳು ಬೇರೆ ಬಸ್ಸಿಗೆ ಕಾಯುತ್ತಿದ್ದಳು.

ನೋಡಿದರೆ ಇನ್ನೂ ಅದೇ ನೀರನ್ನು ಹಿಡಿದುಕೊಂಡಿದ್ದಾಳೆ. ಕೆಲವರಿಗೆ ಮುಂದೆ ಹೋಗುವುದೇ ಗೊತ್ತಿಲ್ಲ.

ಮೇ 6, ಸೋಮವಾರ

ಆದೇಶ ಕೈಗೆ ಬಂತು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಮೊದಲ ದಿನ. ಕುರ್ಚಿ ಎತ್ತರ, ಕಾಲಡಿಗೆ ಮಣೆ ಹಾಕಿಸಿದೆ. ಅಧ್ಯಕ್ಷರು ಹೂಗುಚ್ಛ ಕಳಿಸಿದ್ದಾರೆ. ಕವನ ಸಂಕಲನಗಳನ್ನು ಮನೆಯಿಂದ ತಂದು ಗಾಜಿನ ಬೀರುವಿನಲ್ಲಿ ಜೋಡಿಸಿದೆ. ಬಂದವರಿಗೆ ಕಾಣಿಸುತ್ತವೆ. ಅಕ್ಕ ಬರುತ್ತೇನೆ ಎಂದಿದ್ದಳು, ಯಾರದೋ ಮದುವೆಯ ಬಟ್ಟೆ ಅವಸರ ಎಂದು ಬರಲಿಲ್ಲ.

ಹೊಸ ವಿಜ್ಞಾನದ ಮೇಷ್ಟರು ಪ್ರಯೋಗಗಳಿಗೆ ವಾರಕ್ಕೆ ಎರಡು ಪಿರಿಯಡ್ ಹೆಚ್ಚು ಕೇಳಿದರು. ಹುಡುಗಾಟ. ಪಾಠ ಮುಗಿಸುವುದು ಯಾವಾಗ? ಕೊಡಲಿಲ್ಲ.

ಜೂನ್ 3, ಸೋಮವಾರ

ಪ್ರವೇಶದ ಸಂದರ್ಶನ. ದಿನವಿಡೀ ತಾಯಿತಂದೆಯರ ಸಾಲು. ಮಧ್ಯಾಹ್ನದ ಮೇಲೆ ಗೋದಾಮುಗಳ ಬೀದಿಯ ಶಾಲೆಯ ಒಬ್ಬ ಹುಡುಗಿ ಬಂದಳು, ಜೊತೆಗೆ ಅವಳ ಅಜ್ಜಿ. ಅಂಕಗಳು ತುಂಬ ಚೆನ್ನಾಗಿವೆ. ವಿಜ್ಞಾನದಲ್ಲಿ ಆ ಒಂದು ಸೊನ್ನೆ ಬಿಟ್ಟರೆ ಎಲ್ಲ ಪೂರ್ತಿ. ಹತ್ತಿರ ಕರೆದು ಕೂರಿಸಿಕೊಂಡೆ. ಇಂಥ ಮಕ್ಕಳಿಗಾಗಿಯೇ ನಾನು ಅಷ್ಟೆಲ್ಲ ಮಾಡಿದ್ದು. ಆದರೆ ಅದನ್ನು ಹೇಳಿಕೊಳ್ಳಬಾರದು.

ಮಾತಿಗೆ ಎಂದು, ನಗುತ್ತಲೇ ಕೇಳಿದೆ: "ಈಗ ಹೇಳು ನೋಡೋಣ. ಸೀಮೆಸುಣ್ಣವನ್ನು ವಿನೆಗರಿಗೆ ಹಾಕಿದರೆ ಯಾವ ಅನಿಲ ಬರುತ್ತೆ?"

ಅವಳು ನನ್ನ ಮುಖವನ್ನೇ ನೋಡಿದಳು. ಅಜ್ಜಿ ಹಿಂದಿನಿಂದ ಅವಳ ಜಡೆ ಸರಿಮಾಡಿದರು.

"ಯಾವುದು ಬರಬೇಕು ಮೇಡಂ?" ಎಂದಳು.

ಸೊಕ್ಕಿನಿಂದ ಅಲ್ಲ. ನಾನು ಅದನ್ನೇ ಗಮನಿಸಿದೆ. ಮೆಲ್ಲಗೆ, ಕೈಕಟ್ಟಿಕೊಂಡು, ನಾನು ಹೇಳಿದ್ದನ್ನು ಹೇಳಲು ಸಿದ್ಧಳಾಗಿ ಕೇಳಿದಳು. ಇಂಗಾಲದ ಡೈಆಕ್ಸೈಡ್ ಎಂದೆ. ಸ್ಪಷ್ಟವಾಗಿ, ಒಂದು ಅಕ್ಷರ ತಪ್ಪದೆ, ಹಾಗೇ ತಿರುಗಿ ಹೇಳಿದಳು.

ವಿನಯವಂತೆ. ಸೇರಿಸಿಕೊಂಡೆ.